ಅಳಿಸುವ ಕೀಲಿ: ಎಚ್ಚರಿಕೆ ಯಾರದು?

ಲೆಕ್ಕಪುಸ್ತಕಗಳು ಗಣಕಯಂತ್ರವನ್ನು ಸೇರಿದ ಮೇಲೆ, ತಪ್ಪಾಗಿ ಒತ್ತಿದ ಒಂದು ಕೀಲಿಯಿಂದ ವರ್ಷದ ಸರಕುಪಟ್ಟಿಗಳೇ ಮರೆಯಾಗಬಹುದು. ಇದಕ್ಕೆ ಗುಮಾಸ್ತರ ಅಜಾಗ್ರತೆಯನ್ನಷ್ಟೇ ದೂರುವುದು ನ್ಯಾಯವಲ್ಲ. ಕೀಲಿಗಳ ವಿನ್ಯಾಸಕ್ಕೂ ಇದರಲ್ಲಿ ಪಾಲಿದೆ.

1981ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಪಿಸಿಯನ್ನು ರೂಪಿಸುವಾಗ ಎಂಜಿನಿಯರ್ ಡೇವಿಡ್ ಬ್ರಾಡ್ಲಿಯವರು ಯಂತ್ರದ ಮರುಚಾಲನೆಗೆ ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್ ಕೀಲಿಗಳನ್ನು ಆರಿಸಿದ್ದರು. ಮೂರೂ ಎಡಭಾಗದಲ್ಲೇ ಇದ್ದುದರಿಂದ ಕೈತಾಗಿ ಕೆಲಸ ಕೆಡುವ ಅಪಾಯವಿತ್ತು. ಆದ್ದರಿಂದ ಎಸ್ಕೇಪ್ ಬದಲು ಬಲಬದಿಯ ಡಿಲೀಟ್ ಕೀಲಿಯನ್ನು ಸೇರಿಸಿ, ಎರಡೂ ಕೈಗಳು ಬೇಕಾಗುವಂತೆ ಮಾಡಲಾಯಿತು. ಅಪಾಯದ ಆಜ್ಞೆ ಸುಲಭವಾಗಿ ಕೈಗೆಟುಕಬಾರದು ಎಂಬುದೇ ಇಲ್ಲಿನ ತತ್ತ್ವ.

ಇನ್ನೊಂದು ಉಪಾಯ, ತಪ್ಪನ್ನು ಹಿಂಪಡೆಯುವ ದಾರಿ. ವಿಂಡೋಸ್ 95ರಿಂದ ಬಂದ ರಿಸೈಕಲ್ ಬಿನ್ ಇಂಥದ್ದು. ಡಿಲೀಟ್ ಒತ್ತಿದ ಕಡತ ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತದೆ. ಕೂಡಲೇ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಮರಳಿ ಬರುತ್ತದೆ. ಆದರೆ ಶಿಫ್ಟ್‌ನೊಡನೆ ಡಿಲೀಟ್ ಒತ್ತಿದರೆ ಕಡತ ಬಿನ್‌ಗೆ ಹೋಗದು. ಪೆನ್‌ಡ್ರೈವ್‌ನಲ್ಲಿ ಅಥವಾ ಜಾಲದ ಮೂಲಕ ಬಳಸುವ ಬೇರೆ ಗಣಕದಲ್ಲಿ ಅಳಿಸಿದ್ದಕ್ಕೂ ಸಾಮಾನ್ಯವಾಗಿ ಈ ರಕ್ಷಣೆಯಿಲ್ಲ. “ಅಳಿಸಬೇಕೆ?” ಎಂಬ ಪ್ರಶ್ನೆಯನ್ನು ನಂಬಿ ಕೂರುವಂತಿಲ್ಲ, ದಿನಕ್ಕೆ ಹತ್ತಾರು ಬಾರಿ ಅದನ್ನು ಕಂಡವರ ಬೆರಳು, ಕಣ್ಣು ಓದುವ ಮೊದಲೇ ಎಂಟರ್ ಒತ್ತಿಬಿಡುತ್ತದೆ.

ಬೆಂಗಳೂರಿನಲ್ಲಿ ರೂಪುಗೊಂಡ, ನಮ್ಮಲ್ಲಿ ಬಹುಮಂದಿ ಬಳಸುವ ಟ್ಯಾಲಿಯಲ್ಲಿ ಆಲ್ಟ್ ಮತ್ತು ಡಿ ಒತ್ತಿದರೆ ವೋಚರ್ ಅಳಿಯುತ್ತದೆ. ಆಲ್ಟ್ ಮತ್ತು ಎಕ್ಸ್ ಒತ್ತಿದರೆ ರದ್ದಾಗುತ್ತದೆ. ರದ್ದಾದ ವೋಚರಿನ ಸಂಖ್ಯೆ ಪುಸ್ತಕದಲ್ಲಿ ಉಳಿಯುವುದರಿಂದ ಪರಿಶೋಧಕರ ಪ್ರಶ್ನೆಗೆ ಉತ್ತರವಿರುತ್ತದೆ. ಕಂಪನಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆಗಳ ಲೆಕ್ಕದ ತಂತ್ರಾಂಶವು 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮವೂ ಇದೆ. ಆ ದಾಖಲೆ ಯಾವುದು ಬದಲಾಯಿತೆಂದು ತಿಳಿಸುತ್ತದೆಯೇ ಹೊರತು, ಕೆಟ್ಟುಹೋದ ಡಿಸ್ಕಿನಿಂದ ಲೆಕ್ಕವನ್ನು ಮರಳಿ ತಂದುಕೊಡುವುದಿಲ್ಲ.

ಆದ್ದರಿಂದ ಸದಸ್ಯರು ಈ ಕ್ರಮಗಳನ್ನು ಅನುಸರಿಸುವುದು ಲೇಸು:

1. ವೋಚರ್ ಅಳಿಸುವ ಅಧಿಕಾರವನ್ನು ಮಾಲೀಕರಿಗೆ ಅಥವಾ ಒಬ್ಬ ಹೊಣೆಗಾರರಿಗೆ ಮಾತ್ರ ಕೊಡಿರಿ. ಉಳಿದವರು ರದ್ದು ಮಾಡಲಿ.

2. ಶಿಫ್ಟ್‌ನೊಡನೆ ಡಿಲೀಟ್ ಒತ್ತುವ ಅಭ್ಯಾಸವನ್ನು ಕಚೇರಿಯಲ್ಲಿ ಬಿಡಿಸಿರಿ.

3. ಸಂಜೆ ಬಾಗಿಲು ಹಾಕುವ ಮೊದಲು ಲೆಕ್ಕದ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಡಿಸ್ಕನ್ನು ಗಣಕದಿಂದ ಬಿಡಿಸಿಡಿರಿ.

4. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ಪರೀಕ್ಷಿಸಿರಿ. ತೆರೆಯದ ಪ್ರತಿಯಿಂದ ಆಪತ್ಕಾಲದಲ್ಲಿ ಪ್ರಯೋಜನವಿಲ್ಲ.

ಗಲ್ಲಾಪೆಟ್ಟಿಗೆಗೆ ಬೀಗ ಹಾಕುವವರು, ಅದರ ಲೆಕ್ಕಕ್ಕೂ ಬೀಗ ಹಾಕುವುದು ವಿವೇಕ.