ಮಜ್ಜೆಯ ಕಸಿಯಾದ ಮೇಲೆ ಆಸ್ಪತ್ರೆಯೋ, ಮನೆಯೋ?

ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆಯ ಕಸಿ ಮಾಡುವಾಗ ರೋಗಿಯ ಹಳೆಯ ಮಜ್ಜೆಯನ್ನು ತೀವ್ರ ಔಷಧಿಗಳಿಂದ ಅಡಗಿಸಿ, ದಾನಿಯ ಮೂಲಕೋಶಗಳನ್ನು ರಕ್ತ ಕೊಡುವಂತೆಯೇ ಏರಿಸುತ್ತಾರೆ. ಅವು ಬೇರೂರಿ ಹೊಸ ಬಿಳಿಯ ರಕ್ತಕಣಗಳು ಕಾಣಿಸಿಕೊಳ್ಳಲು ಎರಡು-ಮೂರು ವಾರ ಬೇಕು. ಅಲ್ಲಿಯ ತನಕ ಸಣ್ಣ ಸೋಂಕೂ ಪ್ರಾಣಕ್ಕೆ ಸಂಚಕಾರ. ಆದುದರಿಂದ ರೋಗಿಯನ್ನು ಆಸ್ಪತ್ರೆಯ ಒಂಟಿ ಕೋಣೆಯಲ್ಲಿರಿಸುವುದೇ ಪದ್ಧತಿ.

ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಹುಡ್ಡಿಂಗೆ ಆಸ್ಪತ್ರೆಯವರು 1998ರಲ್ಲಿ ಇದನ್ನು ಸಡಿಲಿಸಿದರು. ಕಾರಿನಲ್ಲಿ ಒಂದೆರಡು ಗಂಟೆಯೊಳಗೆ ಆಸ್ಪತ್ರೆ ಸೇರಬಲ್ಲವರು, ಜೊತೆಗೆ ಮನೆಮಂದಿ ಇದ್ದರೆ, ಆ ವಾರಗಳನ್ನು ಮನೆಯಲ್ಲೇ ಕಳೆಯಬಹುದಾಯಿತು. ದಾದಿ ಮನೆಗೇ ಬಂದು ರಕ್ತ ತೆಗೆಯುತ್ತಿದ್ದಳು. ವೈದ್ಯರು ದಿನಾ ಫೋನಿನಲ್ಲಿ ವಿಚಾರಿಸುತ್ತಿದ್ದರು. ಗಾಬರಿಯ ಸಾಹಸವೆಂದು ಓದುಗರಿಗೆ ತೋರಬಹುದು. ಆದರೆ 2002ರಲ್ಲಿ ಪ್ರಕಟವಾದ ಅವರ ವರದಿಯಂತೆ, ಮನೆಗೆ ಹೋದವರಿಗೆ ರಕ್ತನಾಳದ ಮೂಲಕ ಆಹಾರ ಕೊಡಬೇಕಾದ ದಿನಗಳು ಕಡಿಮೆಯಾದುವು. ಕಸಿಯಿಂದಾಗುವ ಸಾವೂ ಕಡಿಮೆಯಿತ್ತು.

ಮುಂದೆ ರೋಗಿಗಳನ್ನೇ ಮಾತನಾಡಿಸಿದಾಗ ತಿಳಿದುದು ಸ್ವಾರಸ್ಯಕರ. ಮನೆಗೆ ಹೋದವರಿಗೆ ಮನೆ ಕ್ಷೇಮವೆನಿಸಿತ್ತು, ಕರೆದರೆ ಆಸ್ಪತ್ರೆ ಓಗೊಡುತ್ತದೆಂಬ ಧೈರ್ಯದಿಂದ. ಉಳಿದವರಿಗೆ ಆಸ್ಪತ್ರೆಯೇ ಕ್ಷೇಮ. ಹತ್ತಿರದವರ ಆಸರೆ ಇಬ್ಬರಿಗೂ ಬೇಕಿತ್ತು. ಬೇಯಿಸಿ ಬಡಿಸಿ, ರಾತ್ರಿ ಹಣೆ ಮುಟ್ಟಿ ನೋಡುವವರ ಪಾಡು ಬೇರೆಯೇ ಒಂದು ಕಥೆ! ಮೊದಲಿನಂತಾಗುವುದು ಯಾವಾಗ ಎಂಬ ಆತಂಕ ಮಾತ್ರ ಎರಡೂ ಕಡೆ ಒಂದೇ ಆಗಿತ್ತು.