ದೂರದ ಕಚೇರಿಗಳ ಗಣಕಸಂಪರ್ಕ: ಮಾರ್ಗವಿವೇಚನೆ

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳು ಒಂದೇ ಊರಿಗೆ ಸೀಮಿತವಾಗಿ ಉಳಿಯುವುದು ವಿರಳ. ಮೂಲ ಶಾಲೆ ಒಂದೆಡೆ, ಪ್ರಸಾದನಿಲಯ ಮತ್ತೊಂದೆಡೆ, ಶಾಖಾ ಶಾಲೆಗಳು ಸುತ್ತಣ ಗ್ರಾಮಗಳಲ್ಲಿ ಇರುವುದುಂಟು. ಇವುಗಳ ದಾಖಲಾತಿ, ಶುಲ್ಕ, ದಾಸೋಹದ ಲೆಕ್ಕ ಎಲ್ಲವೂ ಈಗ ಗಣಕಯಂತ್ರವನ್ನು ಸೇರುತ್ತಿವೆ. ಈ ಗಣಕಗಳನ್ನು ಪರಸ್ಪರ ಜೋಡಿಸುವ ಮಾರ್ಗವನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಮೊದಲಿನ ಮಾರ್ಗ ದೂರವಾಣಿಯದು. ಗಣಕದ ಅಂಕೆಗಳನ್ನು ಧ್ವನಿಯಾಗಿ ಮಾರ್ಪಡಿಸಿ ತಂತಿಯಲ್ಲಿ ಹರಿಸಿ, ಆಚೆಯ ತುದಿಯಲ್ಲಿ ಮರಳಿ ಅಂಕೆಗಳನ್ನಾಗಿ ಮಾಡುವ ಉಪಕರಣವೇ ಮೋಡೆಮ್. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬೆರಡು ಪದಗಳ ಸಂಕ್ಷೇಪವಾದ ಈ ಹೆಸರು ನಮ್ಮ ವ್ಯಾಕರಣದ ಪ್ರತ್ಯಾಹಾರಗಳನ್ನು ನೆನಪಿಗೆ ತರುತ್ತದೆ. ಶಾಖೆಯ ಮೋಡೆಮ್ ಕೇಂದ್ರದ ಸಂಖ್ಯೆಗೆ ಕರೆ ಮಾಡುವುದು. ಕೇಂದ್ರವು ಹೆಸರನ್ನೂ ಗುಪ್ತಪದವನ್ನೂ ಪರೀಕ್ಷಿಸಿ ಒಳಗೆ ಬಿಡುವುದು. ಇದೇ ಅದರ ಕ್ರಮ.

ಆ ಕಾಲದಲ್ಲಿ ಆಯ್ಕೆ ಮಾಡುವವರು ಮೂರು ವಿಷಯಗಳನ್ನು ನೋಡಬೇಕಾಗಿತ್ತು. ಒಂದನೆಯದು ವೇಗ. ೧೯೯೮ರಲ್ಲಿ ಬಂದ ವಿ.೯೦ ಎಂಬ ಮಾನಕವು ಸೆಕೆಂಡಿಗೆ ೫೬ ಕಿಲೋಬಿಟ್ ವೇಗವನ್ನು ಹೇಳಿತಾದರೂ, ಅದು ಕೇಂದ್ರದ ತುದಿಯಲ್ಲಿ ಡಿಜಿಟಲ್ ಸಂಪರ್ಕವಿದ್ದಾಗ, ಕೇಂದ್ರದಿಂದ ಶಾಖೆಯತ್ತ ಸಾಗುವ ಮಾಹಿತಿಗೆ ಮಾತ್ರ ಅನ್ವಯಿಸುತ್ತಿತ್ತು. ಎರಡೂ ಕಡೆ ಸಾಮಾನ್ಯ ತಂತಿಯಿದ್ದರೆ ೩೩.೬ ಕಿಲೋಬಿಟ್ಟೇ ಪರಮಾವಧಿ. ಆ ವೇಗದಲ್ಲಿ ಒಂದು ಮೆಗಾಬೈಟ್ ಲೆಕ್ಕಪತ್ರ ಕೇಂದ್ರವನ್ನು ಮುಟ್ಟಲು ಸುಮಾರು ನಾಲ್ಕು ನಿಮಿಷ ಬೇಕು. ಎರಡನೆಯದು ತಂತಿಗಳ ಸಂಖ್ಯೆ. ಹತ್ತು ಶಾಖೆಗಳು ಸಂಜೆ ಏಕಕಾಲಕ್ಕೆ ಕರೆ ಮಾಡಿದಾಗ ಕೇಂದ್ರದಲ್ಲಿ ಎರಡೇ ತಂತಿಗಳಿದ್ದರೆ ಎಂಟು ಶಾಖೆಗಳು ಕಾಯಬೇಕು. ಮೂರನೆಯದು ರಕ್ಷಣೆ. ಕರೆ ಬಂದೊಡನೆ ಅದನ್ನು ಕಡಿದು, ಮೊದಲೇ ನೋಂದಾಯಿಸಿದ ಸಂಖ್ಯೆಗೆ ಕೇಂದ್ರವೇ ಮರಳಿ ಕರೆ ಮಾಡುವ ಪದ್ಧತಿಯಿತ್ತು. ಗುಪ್ತಪದವನ್ನು ಕದ್ದವನು ಬೇರೊಂದು ಊರಿನಿಂದ ಪ್ರವೇಶಿಸುವುದು ಇದರಿಂದ ಕಠಿಣವಾಯಿತು. ಆದರೆ ಕರೆಯ ವೆಚ್ಚ ಕೇಂದ್ರದ ಪಾಲಿಗೆ ಬಂತು.

ನಮ್ಮ ದೇಶದಲ್ಲಿ ೧೯೯೫ರ ಆಗಸ್ಟ್ ೧೫ರಂದು ಸಾರ್ವಜನಿಕರಿಗೆ ತೆರೆದ ಅಂತರಜಾಲವೂ ಮೊದಲು ದೂರವಾಣಿಯ ಕರೆಯ ಮೂಲಕವೇ ಮನೆಗಳನ್ನು ತಲುಪಿತು. ಈಗ ಆ ಮಾರ್ಗ ಅಸ್ತಂಗತವಾಗುತ್ತಿದೆ. ಅಮೆರಿಕದ ಎಒಎಲ್ ಸಂಸ್ಥೆ ೨೦೨೫ರ ಸೆಪ್ಟೆಂಬರ್ ೩೦ರಂದು ಈ ಸೇವೆಯನ್ನು ನಿಲ್ಲಿಸಿತು. ಇಂದು ಕಚೇರಿಗಳು ಬ್ರಾಡ್‌ಬ್ಯಾಂಡ್ ಸಂಪರ್ಕದೊಳಗೆ ವಿಪಿಎನ್ ಎಂಬ ಗೂಢಲಿಪಿಯ ಸುರಂಗವನ್ನು ನಿರ್ಮಿಸಿಕೊಳ್ಳುತ್ತವೆ.

ಮಾರ್ಗ ಬದಲಾದರೂ ವಿವೇಚನೆ ಹಳೆಯದೇ. ಕೇಂದ್ರಕ್ಕೆ ಸ್ಥಿರವಾದ ದೂರವಾಣಿ ಸಂಖ್ಯೆ ಬೇಕಾಗಿದ್ದಂತೆ ಈಗ ಸ್ಥಿರವಾದ ಅಂತರಜಾಲ ವಿಳಾಸ ಬೇಕು; ಇದನ್ನು ಸೇವೆ ನೀಡುವವರಿಂದ ಕೇಳಿ ಪಡೆಯತಕ್ಕದ್ದು. ಪ್ರತಿಯೊಂದು ಶಾಖೆಯ ಒಳವಿಳಾಸಗಳ ಶ್ರೇಣಿಯೂ ಭಿನ್ನವಾಗಿರಬೇಕು. ಅಂಗಡಿಯಿಂದ ತಂದ ರೌಟರುಗಳಲ್ಲಿ ಬಹುಪಾಲು ೧೯೨.೧೬೮.೦ ಅಥವಾ ೧೯೨.೧೬೮.೧ ಎಂದೇ ಆರಂಭವಾಗುವ ಶ್ರೇಣಿಯಿರುತ್ತದೆ. ಅದನ್ನು ಬದಲಿಸದೆ ಜೋಡಿಸಿದರೆ, ಒಂದೇ ಬೀದಿಯಲ್ಲಿ ಎರಡು ಮನೆಗಳಿಗೆ ಒಂದೇ ಸಂಖ್ಯೆಯಿದ್ದಂತೆ, ಓಲೆ ಯಾರಿಗೆ ಸೇರಬೇಕೆಂಬುದೇ ತಿಳಿಯದು. ಹಳೆಯ ಮೋಡೆಮ್ ಎಲ್ಲಿಯಾದರೂ ತಂತಿಗೆ ಅಂಟಿಕೊಂಡಿದ್ದರೆ ಕೂಡಲೇ ಕಳಚಬೇಕು. ಅದು ಕಾವಲುಗಾರನಿಲ್ಲದ ಹಿತ್ತಲ ಬಾಗಿಲು.

ದಾನಿಗಳ ಹಣವನ್ನು ವ್ಯಯಿಸುವ ಮುನ್ನ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ದಿನಕ್ಕೊಮ್ಮೆ ಹಾಜರಿಯ ಪಟ್ಟಿಯನ್ನಷ್ಟೇ ಕಳುಹಿಸುವ ಶಾಖೆಗೆ ನಿರಂತರ ಜೋಡಣೆ ಅನಾವಶ್ಯಕ. ಬೀಗಹಾಕಿದ ಒಂದು ಕಡತವನ್ನು ಕಳುಹಿಸಿದರೆ ಸಾಕು. ಜೋಡಿಸಲೇಬೇಕಾದಲ್ಲಿ, ಪ್ರಸಾದನಿಲಯದ ಗುಮಾಸ್ತರಿಗೆ ದವಸಧಾನ್ಯದ ಲೆಕ್ಕ ಕಾಣಲಿ, ಅಂಕಪಟ್ಟಿ ಕಾಣುವುದು ಬೇಡ.

ಬಡ ತಂದೆತಾಯಿಗಳು ತಮ್ಮ ಮಕ್ಕಳ ಜಾತಿ, ವರಮಾನ, ಆಧಾರ್ ವಿವರಗಳನ್ನು ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸುತ್ತಾರೆ. ಆ ವಿವರಗಳನ್ನು ಕಾಯುವ ಹೊಣೆ ಸಂಗ್ರಹಿಸಿದವರದೆಂದು ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ವಿಧಿಸಿದೆ. ಪರರ ನಿಕ್ಷೇಪವನ್ನು ಜೋಪಾನವಾಗಿ ಕಾಯುವುದೂ ಕಾಯಕವೇ ಎಂದು ತಿಳಿದು ಆಡಳಿತವರ್ಗದವರು ಈ ಕಾರ್ಯದಲ್ಲಿ ಪ್ರವೃತ್ತರಾಗಬೇಕು.