ಜೀರ್ಣನಾಳದ ಗಡ್ಡೆಗಳ ಪತ್ತೆಯಲ್ಲಿ ಸಿ.ಟಿ. ಸ್ಕ್ಯಾನ್

ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಮತ್ತು ಗುದನಾಳಗಳಲ್ಲಿ ಬೆಳೆಯುವ ಗಡ್ಡೆಗಳನ್ನು ಗುರುತಿಸಲು, ಅವು ಎಷ್ಟರಮಟ್ಟಿಗೆ ಹರಡಿವೆಯೆಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಬಳಕೆಯಲ್ಲಿದೆ. ಎಂಡೋಸ್ಕೋಪಿಯು ನಾಳದ ಒಳಮೈಯನ್ನು ತೋರಿಸಿದರೆ, ಸಿ.ಟಿ.ಯು ನಾಳದ ಗೋಡೆ, ಅದರ ಸುತ್ತಲಿನ ಕೊಬ್ಬು, ದುಗ್ಧಗ್ರಂಥಿಗಳು, ಯಕೃತ್ತು ಮತ್ತು ಶ್ವಾಸಕೋಶಗಳನ್ನು ತೋರಿಸುತ್ತದೆ. ಗಡ್ಡೆಯು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಬಹುತೇಕ ಸಂದರ್ಭಗಳಲ್ಲಿ ಬಯಾಪ್ಸಿಯಿಂದ ತೀರ್ಮಾನವಾಗುತ್ತದೆಯೇ ಹೊರತು ಸ್ಕ್ಯಾನಿನಿಂದಲ್ಲ.

ಹಿನ್ನೆಲೆ

ಸಿ.ಟಿ. ಯಂತ್ರವನ್ನು ರೂಪಿಸಿದವರು ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳನ್ನು ಇದರಿಂದ ಪರೀಕ್ಷಿಸಲಾಯಿತು. ಇದರ ಗಣಿತವನ್ನು ಸ್ವತಂತ್ರವಾಗಿ ರೂಪಿಸಿದ್ದ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಅವರೊಡನೆ ಹೌನ್ಸ್‌ಫೀಲ್ಡ್ 1979ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇಬ್ಬರಲ್ಲಿ ಯಾರೂ ವೈದ್ಯರಲ್ಲವೆಂಬುದು ಗಮನಾರ್ಹ.

ಒಂದೊಂದು ಚಿತ್ರಕ್ಕೆ ಹಲವು ನಿಮಿಷ ಹಿಡಿಯುತ್ತಿದ್ದ ಆರಂಭದ ಯಂತ್ರಗಳು ತಲೆಗೆ ಸಾಕಾಗುತ್ತಿದ್ದವು. ಸದಾ ಚಲಿಸುತ್ತಿರುವ ಕರುಳಿಗೆ ಅವು ಒದಗುತ್ತಿರಲಿಲ್ಲ. ಇಂದಿನ ಯಂತ್ರಗಳು ರೋಗಿ ಒಮ್ಮೆ ಉಸಿರು ಹಿಡಿದಿರುವಷ್ಟರಲ್ಲಿ ಇಡೀ ಉದರದ ಚಿತ್ರವನ್ನು ಪಡೆಯುತ್ತವೆ.

ತಪಾಸಣೆಯ ಕ್ರಮ

ಕ್ಷಕಿರಣದ ಕೊಳವೆಯು ದೇಹದ ಸುತ್ತ ತಿರುಗುತ್ತದೆ. ಪ್ರತಿ ಅಂಗಾಂಶವು ಕಿರಣಗಳನ್ನು ಎಷ್ಟು ತಡೆಯಿತೆಂಬುದನ್ನು ಗಣಕಯಂತ್ರವು ಸಂಖ್ಯೆಯಾಗಿ ಪರಿವರ್ತಿಸುತ್ತದೆ. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ 0, ಗಾಳಿಗೆ -1000, ಕೊಬ್ಬಿಗೆ ಸುಮಾರು -100. ಕರುಳಿನ ಗೋಡೆ, ರಕ್ತ ಮತ್ತು ಗಡ್ಡೆಗಳ ಸಂಖ್ಯೆಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಅವುಗಳನ್ನು ಬೇರ್ಪಡಿಸಿ ನೋಡಲು ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ದ್ರವವನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಆಗ ಮೈಯೆಲ್ಲ ಬಿಸಿಯಾದಂತೆ ಅನಿಸುವುದು ಸಹಜ. ಚುಚ್ಚಿದ ಸುಮಾರು 70 ಸೆಕೆಂಡುಗಳಿಗೆ ದ್ರವವು ಯಕೃತ್ತನ್ನು ತುಂಬಿಕೊಳ್ಳುತ್ತದೆ. ಅಲ್ಲಿಗೆ ಹರಡಿದ ಗಡ್ಡೆಗಳು ಸಾಮಾನ್ಯವಾಗಿ ಕಪ್ಪು ಕಲೆಗಳಂತೆ ಕಾಣುತ್ತವೆ.

ಪರೀಕ್ಷೆಗೆ ಮೊದಲು ಕೆಲವು ಗಂಟೆ ಉಪವಾಸವಿದ್ದು, ಬಳಿಕ ನೀರನ್ನೋ ತೆಳುವಾದ ಕಾಂಟ್ರಾಸ್ಟ್ ದ್ರವವನ್ನೋ ಸಾಕಷ್ಟು ಕುಡಿಯಬೇಕಾಗುತ್ತದೆ. ಇದರ ಕಾರಣ ಹಲವರಿಗೆ ತಿಳಿದಿರುವುದಿಲ್ಲ. ಮುದುಡಿಕೊಂಡ ಜಠರದ ಗೋಡೆ ದಪ್ಪಗಾದಂತೆ ಕಂಡು ಇಲ್ಲದ ಗಡ್ಡೆಯನ್ನು ತೋರಿಸಬಹುದು. ಇರುವ ಗಡ್ಡೆ ಆ ಮಡಿಕೆಗಳಲ್ಲಿ ಮರೆಯಾಗಲೂಬಹುದು. ಮೂತ್ರಪಿಂಡದ ತೊಂದರೆ, ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆ, ಆಸ್ತಮಾ, ಹಿಂದೆ ಕಾಂಟ್ರಾಸ್ಟ್‌ನಿಂದಾದ ಅಲರ್ಜಿ, ಗರ್ಭಧಾರಣೆ ಇವುಗಳನ್ನು ಮುಂಚೆಯೇ ತಿಳಿಸಬೇಕು.

ಗಡ್ಡೆಯ ಲಕ್ಷಣಗಳು

ಚೆನ್ನಾಗಿ ಹಿಗ್ಗಿದ ಕರುಳಿನ ಗೋಡೆ ಸುಮಾರು 3 ಮಿ.ಮೀ.ಗಿಂತ ತೆಳ್ಳಗಿರುತ್ತದೆ. ಗೋಡೆಯು ಒಂದು ಗಿಡ್ಡ ಭಾಗದಲ್ಲಿ ಮಾತ್ರ ಏರುಪೇರಾಗಿ ದಪ್ಪಗಾಗಿದ್ದರೆ ಕ್ಯಾನ್ಸರಿನ ಸಂಶಯ ಬಲವಾಗುತ್ತದೆ; ಉದ್ದಕ್ಕೂ ಸಮನಾಗಿ ದಪ್ಪಗಾಗಿದ್ದರೆ ಉರಿಯೂತದ ಸಾಧ್ಯತೆ ಹೆಚ್ಚು. ಗೋಡೆಯ ಸ್ನಾಯುಪದರದಲ್ಲಿ ಹುಟ್ಟಿ ಹೊರಮುಖವಾಗಿ ಬೆಳೆಯುವ ‘ಜಿಸ್ಟ್’ ಗಡ್ಡೆಗಳು ಎಂಡೋಸ್ಕೋಪಿಯ ಕಣ್ಣಿಗೆ ಬೀಳದೆ ಹೋಗಬಹುದು, ಸಿ.ಟಿ.ಯಲ್ಲಿ ಅವು ಸ್ಪಷ್ಟ. ಲಿಂಫೋಮಾದಲ್ಲಿ ಗೋಡೆ ಬಹಳ ದಪ್ಪಗಾದರೂ ನಾಳವು ಕಟ್ಟಿಕೊಳ್ಳುವುದು ಅಪರೂಪ. ಕೊಬ್ಬಿನ ಗಡ್ಡೆಯಾದ ಲೈಪೋಮಾವನ್ನು ಮಾತ್ರ ಅದರ ಸಂಖ್ಯೆಯಿಂದಲೇ, ಬಯಾಪ್ಸಿಯಿಲ್ಲದೆ, ಗುರುತಿಸಬಹುದು.

ಕ್ಷಯರೋಗದ ಗೊಂದಲ

ಭಾರತದಲ್ಲಿ ಈ ತಪಾಸಣೆಗೆ ಪಾಶ್ಚಾತ್ಯ ಪಠ್ಯಪುಸ್ತಕಗಳು ಅಷ್ಟಾಗಿ ಒತ್ತು ಕೊಡದ ತೊಡಕೊಂದಿದೆ. ಕ್ಷಯವು ಕರುಳಿಗೆ ತಗುಲಿದಾಗ ಬಹಳವಾಗಿ ಆಯ್ದುಕೊಳ್ಳುವ ಸ್ಥಾನವು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಬಲ ಕೆಳಹೊಟ್ಟೆಯ ಭಾಗ. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಅಲ್ಲಿ ಬರುತ್ತದೆ. ತೂಕ ಇಳಿಯುವುದು, ಹೊಟ್ಟೆನೋವು, ರಕ್ತಹೀನತೆ ಎರಡರಲ್ಲೂ ಇರುತ್ತವೆ. ಸ್ಕ್ಯಾನಿನಲ್ಲಿ ಎರಡೂ ದಪ್ಪ ಗೋಡೆಯಾಗಿಯೇ ಕಾಣುತ್ತವೆ. ದುಗ್ಧಗ್ರಂಥಿಗಳ ನಡುಭಾಗ ಕಪ್ಪಾಗಿ, ಅಂಚು ಬೆಳ್ಳಗಿದ್ದರೆ ಕ್ಷಯದ ಕಡೆಗೆ ಒಲವು. ಆದರೂ ಅದು ಖಚಿತವಲ್ಲ. ಒಂದಕ್ಕೆ ತಿಂಗಳುಗಟ್ಟಲೆ ಮಾತ್ರೆ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ. ಆದ್ದರಿಂದ ಕೊಲೊನೋಸ್ಕೋಪಿಯಿಂದ ಚೂರು ತೆಗೆದು ಪರೀಕ್ಷಿಸುವ ಮೊದಲೇ ಚಿಕಿತ್ಸೆಯನ್ನು ಊಹೆಯ ಮೇಲೆ ಆರಂಭಿಸಿದರೆ ಕ್ಯಾನ್ಸರ್ ರೋಗಿಯ ಅಮೂಲ್ಯ ಕಾಲ ಕಳೆದುಹೋಗಬಹುದು.

ಮಿತಿಗಳು

ಲೋಳೆಪೊರೆಗೆ ಸೀಮಿತವಾದ ಆರಂಭಿಕ ಕ್ಯಾನ್ಸರನ್ನು ಸಿ.ಟಿ. ತೋರಿಸದೇ ಇರಬಹುದು. ಪೂರ್ಣವಾಗಿ ಗುಣಪಡಿಸಲು ಹೆಚ್ಚು ಅವಕಾಶವಿರುವುದು ಆ ಹಂತದಲ್ಲಿಯೇ. ನುಂಗಲು ಕಷ್ಟವಾಗುವುದು, ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ ಇರುವವರಿಗೆ ‘ಸ್ಕ್ಯಾನ್ ನಾರ್ಮಲ್’ ಎಂಬ ವರದಿ ಎಂಡೋಸ್ಕೋಪಿಗೆ ಬದಲಿಯಾಗದು. ನೋವಿಲ್ಲದ ಪರೀಕ್ಷೆ ಮುಗಿಯಿತೆಂಬ ಸಮಾಧಾನದಲ್ಲಿ ನಳಿಕೆಯ ಪರೀಕ್ಷೆಯನ್ನು ಮುಂದೂಡುವ ಪ್ರವೃತ್ತಿ ಅಪಾಯಕಾರಿ.

ಉದರದ ಒಳಪೊರೆಯ ಮೇಲೆ ಚೆಲ್ಲಿದ ಕೆಲವೇ ಮಿ.ಮೀ. ಗಾತ್ರದ ಗಂಟುಗಳೂ ತಪ್ಪಿಹೋಗಬಹುದು. ಜಠರದ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಲ್ಯಾಪರೋಸ್ಕೋಪಿ ಮಾಡುವುದು ಇದರಿಂದಲೇ. ಗುದನಾಳದ ಗಡ್ಡೆಯ ಆಳವನ್ನು ಅಳೆಯಲು ಎಂ.ಆರ್.ಐ. ಹೆಚ್ಚು ಸೂಕ್ತ. ಉದರದ ಸಿ.ಟಿ.ಯ ವಿಕಿರಣವು ಸಾಮಾನ್ಯವಾಗಿ 8ರಿಂದ 10 ಮಿಲಿಸೀವರ್ಟ್‌ನಷ್ಟು, ಅಂದರೆ ನಿಸರ್ಗದಿಂದ ಕೆಲವು ವರ್ಷಗಳಲ್ಲಿ ದೊರೆಯುವಷ್ಟು. ಗಡ್ಡೆಯ ಸಂಶಯವಿದ್ದಾಗ ಇದಕ್ಕೆ ಅಂಜಬೇಕಿಲ್ಲ. ಅನಗತ್ಯವಾಗಿ ಪುನರಾವರ್ತಿಸುವುದೂ ಸಲ್ಲದು.

ಕಲಬುರಗಿ ಭಾಗದಲ್ಲಿ

ಕಲಬುರಗಿ ನಗರದಲ್ಲಿ 1963ರಲ್ಲಿ ಸ್ಥಾಪನೆಯಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು, ಸರ್ಕಾರಿ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಿವೆ. ಗಾಜಿಪುರದಂತಹ ನಗರದ ಬಡಾವಣೆಯವರಿಗೆ ಇವು ಹತ್ತಿರ. ಹುಮನಾಬಾದ್ ರಸ್ತೆಯ ಕಮಲಾಪುರ ತಾಲ್ಲೂಕಿನ ಹಳ್ಳಿಗಳವರಿಗೆ ಪ್ರತಿ ಭೇಟಿಯೂ ಒಂದು ದಿನದ ಕೂಲಿಯನ್ನು ಬಿಡಿಸುತ್ತದೆ. ಹೆಚ್ಚಿನ ಚಿಕಿತ್ಸೆಗೆ ಸೊಲ್ಲಾಪುರ, ಹೈದರಾಬಾದ್ ಅಥವಾ ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಹೋಗುವವರು ಮುದ್ರಿತ ವರದಿಯನ್ನಷ್ಟೇ ಒಯ್ದರೆ ಸಾಲದು. ಮೂಲ ಚಿತ್ರಗಳಿರುವ ಸಿ.ಡಿ.ಯನ್ನೂ ಬಯಾಪ್ಸಿಯ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದು ಒಯ್ದರೆ ಅಲ್ಲಿನ ತಜ್ಞರು ಹಳೆಯ ಚಿತ್ರವನ್ನು ಹೊಸದರೊಡನೆ ಹೋಲಿಸಬಹುದು. ಎಷ್ಟೋ ಸಲ ಮತ್ತೊಂದು ಸ್ಕ್ಯಾನಿನ ಖರ್ಚೂ ತಪ್ಪುತ್ತದೆ.